ಎರಡು ನಾಯಿಮರಿಗಳು ಮತ್ತು ನನ್ನದೊಂದು ಮಾತು

ನಮ್ಮದು ಕೊಳ್ಳೇಗಾಲದ ಕಡೆಯ ಊರು. ಮನೆಯ ಹಳೇ ಟ್ರಂಕಿನಲ್ಲಿ ತಾತನ ಕಾಲದ ಜಮೀನಿನ ಪತ್ರಗಳಿವೆ. ಅವುಗಳಲ್ಲಿ 'ಕೊಯಮತ್ತೂರು ಜಿಲ್ಲೆ' ಎಂದೇ ಇದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಅಕ್ಕನಿಗೆ ಆ ಕಡೆಯ ಸಂಬಂಧ ಬಂದಾಗ ನಮ್ಮವ್ವ, "ಹೊರದೇಸಕ್ಕೇನೂ ಕೊಡ್ತಾ ಇಲ್ವಲ್ಲ, ನಮ್ ಹಳೇ ಜಿಲ್ಲೆಗೇ ತಾನೆ" ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು.

ಈಗ ಅಕ್ಕ ಇರುವ ಜಾಗ ಕೊಯಮತ್ತೂರು ಜಿಲ್ಲೆಯೂ ಅಲ್ಲ. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ತಿರುಪ್ಪೂರಿನಿಂದ ಪಲ್ಲಡಂಗೆ ಹೋಗುವ ದಾರಿಯ ಒಳಗೆ ಒಂದು ಲೈನ್ ಮನೆ. ಎದುರುಬದುರಾಗಿ ಐದೈದು ಮನೆಗಳು, ನಡುವೆ ಉದ್ದನೆಯ ಅಂಗಳ, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದೇ ನೀರಿನ ತೊಟ್ಟಿ, ಅದರ ಪಕ್ಕ ಒಂದು ಬೇವಿನ ಮರ. ಒಂದು ಮನೆಯಲ್ಲಿ ಒಡಿಶಾದ ಹುಡುಗರು, ಇನ್ನೊಂದರಲ್ಲಿ ಮಧುರೆ ಕಡೆಯವರು, ಮತ್ತೊಂದರಲ್ಲಿ ನಮ್ಮವರು. ಅಕ್ಕ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ಭಾವ ಪಲ್ಲಡಂ ಕಡೆಯ ಕೋಳಿ ಫಾರಂ ಒಂದರಲ್ಲಿ ಸೂಪರ್‌ವೈಸರ್. ಬ್ರಾಯ್ಲರ್ ಕೋಳಿಗೆ ಪಲ್ಲಡಂ ಎಷ್ಟು ಹೆಸರುವಾಸಿ ಎಂಬುದನ್ನು ಕೋಳಿ ಅಂಗಡಿ ಇಟ್ಟಿರುವ ನಮ್ಮ ಧರ್ಮಕೇಂದ್ರದವರೇ ನನಗಿಂತ ಚೆನ್ನಾಗಿ ಬಲ್ಲರು.

ಆತ್ಮೀಯ ಓದುಗರೇ, ನಾನು ಹೇಳಹೊರಟಿರುವುದು ಆ ಅಂಗಳದಲ್ಲಿ 2019ರಲ್ಲಿ ಸತ್ತ ಎರಡು ನಾಯಿಮರಿಗಳ ಕಥೆ. ಸ್ವಾಮಿಗಳಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ ಎಂದು ಕೆಲವರು ಪುಟ ತಿರುಗಿಸಬಹುದು. ತೊಬೀತನ ಗ್ರಂಥದಲ್ಲಿ ಮಗ ತೊಬಿಯಾಸ್ ದೇವದೂತನ ಜೊತೆ ಪ್ರಯಾಣ ಹೊರಟಾಗ ಅವರ ಹಿಂದೆ ಒಂದು ನಾಯಿಯೂ ಹೊರಡುತ್ತದೆ. ಸೆಮಿನರಿಯಲ್ಲಿ ಆ ಗ್ರಂಥವನ್ನು ಪರೀಕ್ಷೆಗಾಗಿ ಓದಿದ ನಾನು ದೇವದೂತನ ಬಗ್ಗೆ ಎರಡು ಪುಟ ಬರೆದಿದ್ದೆ. ನಾಯಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮೊದಲನೆಯದು ಮಣಿ. ತಮಿಳುನಾಡಿನ ಬೀದಿಯಲ್ಲಿ ನಿಂತು 'ಮಣಿ' ಎಂದು ಕೂಗಿದರೆ ಹತ್ತು ನಾಯಿಗಳಾದರೂ ತಿರುಗಿ ನೋಡುತ್ತವೆ ಎಂದು ತಮಾಷೆ ಮಾಡುತ್ತಾರೆ. ಟೀ ಅಂಗಡಿಯ ಹಿಂದೆ ಬೀದಿನಾಯಿ ಹಾಕಿದ ಐದು ಮರಿಗಳಲ್ಲಿ ಅದೊಂದು. ಏಪ್ರಿಲ್‌ನಲ್ಲಿ ಅಕ್ಕನ ಮಗಳು ಅದನ್ನು ತನ್ನ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಅವಳಿಗೆ ಆಗ ಹತ್ತು ವರ್ಷ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಗೆರೆ. ಲೈನಿನಲ್ಲಿ ಯಾರ ಮನೆಯ ಮುಂದೆ ಚಪ್ಪಲಿ ಬಿಟ್ಟಿದ್ದರೂ ಒಂದನ್ನು ಮಾತ್ರ ಎತ್ತಿಕೊಂಡು ಬೇವಿನ ಮರದ ಕೆಳಗೆ ಇಡುವುದು ಅದರ ಚಾಳಿ. ಮೇ ತಿಂಗಳ ಕೊನೆಯಲ್ಲಿ ಹತ್ತಿರದಲ್ಲೇ ಉಚಿತ ರೇಬಿಸ್ ಲಸಿಕೆಯ ಶಿಬಿರ ನಡೆದಾಗ ಭಾವ ಕರೆದುಕೊಂಡು ಹೋಗಿ ಹಾಕಿಸಿದರು. ಕಾರ್ಡು ಕೊಟ್ಟರು. "ಇಂಜೆಕ್ಷನ್ ಆಯ್ತು" ಎಂದು ಮನೆಯವರೆಲ್ಲ ನಿಶ್ಚಿಂತರಾದರು.

ಈ 'ಇಂಜೆಕ್ಷನ್' ಎಂಬ ಒಂದು ಮಾತಿನಲ್ಲೇ ನಾವೆಲ್ಲ ಮೋಸ ಹೋಗುತ್ತೇವೆ. ನಾಯಿಗೆ ಹಾಕುವ ಚುಚ್ಚುಮದ್ದೆಂದರೆ ಹುಚ್ಚುನಾಯಿ ರೋಗಕ್ಕೆ ಹಾಕುವುದು ಎಂದೇ ನಮ್ಮ ತಿಳಿವಳಿಕೆ. ಅದು ಬೇಕೇಬೇಕು, ಸಂದೇಹವಿಲ್ಲ. ಆದರೆ ಅದು ನಮ್ಮನ್ನೂ ನಾಯಿಯನ್ನೂ ರೇಬಿಸ್‌ನಿಂದ ಕಾಯುತ್ತದೆ, ಬೇರೆ ಯಾವುದರಿಂದಲೂ ಅಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಗಿ ಹತ್ತು ದಿನವಾಗಿತ್ತು. ಒಂದು ಬೆಳಿಗ್ಗೆ ಮಣಿ ಅನ್ನ ಮುಟ್ಟಲಿಲ್ಲ. ಮಧ್ಯಾಹ್ನ ಬಿಳಿ ನೊರೆಯ ವಾಂತಿ. ಸಂಜೆಗೆ ಭೇದಿ, ರಾತ್ರಿಯ ಹೊತ್ತಿಗೆ ಭೇದಿಯಲ್ಲಿ ರಕ್ತ. ಅಕ್ಕ ನನಗೆ ಫೋನ್ ಮಾಡಿದಳು. ಮನೆಯಲ್ಲಿ ಯಾರಿಗೆ ಏನಾದರೂ ಮೊದಲು 'ಸಾಮಿ'ಗೆ ಫೋನ್ ಮಾಡುವುದು ನಮ್ಮಲ್ಲಿ ಅಭ್ಯಾಸ. ಸಾಮಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಅವರು ತಿಳಿದಿದ್ದಾರೆ, ಸಾಮಿಯೂ ಹಾಗೇ ತಿಳಿದುಕೊಂಡಿದ್ದ. "ಏನೋ ತಿಂದಿರಬೇಕು. ಮಜ್ಜಿಗೆ ಕುಡಿಸು, ಓಆರ್‌ಎಸ್ ಕೊಡು, ಬೆಳಿಗ್ಗೆ ನೋಡೋಣ" ಎಂದೆ. ಬೆಳಿಗ್ಗೆ ಬಲಿಪೂಜೆ ಮುಗಿಸಿ ಬಂದು ಫೋನ್ ನೋಡಿದರೆ ಅಕ್ಕನ ಮೂರು ಕರೆಗಳಿದ್ದವು.

ಅಕ್ಕ ಅಳುತ್ತಿರಲಿಲ್ಲ, ಕೋಪದಲ್ಲಿದ್ದಳು. "ಪಕ್ಕದ ಮನೆ ಮುದುಕ ಎಲಿ ಪಾಷಾಣ ಇಟ್ಟವ್ನೆ ಸಾಮಿ. ಹಿಂದಿನ ದಿನ ತಾನೆ ಚಪ್ಪಲಿ ವಿಷ್ಯಕ್ಕೆ ಕಲ್ಲು ಎತ್ಕೊಂಡಿದ್ದ. ರಕ್ತ ಹೆಂಗ್ ಹೋಯ್ತು ಗೊತ್ತಾ?" ಆ ತಾತ ಒಂದು ಮಿಲ್ಲಿನ ರಾತ್ರಿ ವಾಚ್‌ಮನ್. ವೆಳ್ಳಕೋವಿಲ್ ಕಡೆಯವರು. ಹಿಂದೆ ಕುರಿ ಸಾಕಿದ್ದರಂತೆ. ನಾಯಿಗಳ ಗುಂಪು ಪಟ್ಟಿಗೆ ನುಗ್ಗಿ ಒಂದೇ ರಾತ್ರಿ ಹಲವು ಕುರಿಗಳನ್ನು ಕಚ್ಚಿ ಕೊಂದಮೇಲೆ ಅದನ್ನು ಬಿಟ್ಟು ಬಂದವರು. ಕಾಂಗೇಯಂ, ವೆಳ್ಳಕೋವಿಲ್, ಧಾರಾಪುರಂ ಸುತ್ತ ಇದು ಸಣ್ಣ ಸಂಗತಿಯಲ್ಲ. ಬೀದಿನಾಯಿಗಳು ಕೊಂದ ಕುರಿಗಳಿಗೆ ಪರಿಹಾರ ಕೇಳಿ ಅಲ್ಲಿನ ರೈತರು ಈಚಿನ ವರ್ಷಗಳಲ್ಲಿ ರಸ್ತೆಗಿಳಿದು ಪ್ರತಿಭಟನೆ ಮಾಡಿದ್ದಾರೆ. ಅಂಥ ಮನುಷ್ಯನಿಗೆ ನಾಯಿ ಕಂಡರೆ ಆಗದು ಎಂಬುದು ಲೈನಿಗೆಲ್ಲ ಗೊತ್ತಿತ್ತು. ಹಾಗಾಗಿ ಅಕ್ಕನ ಮಾತಿಗೆ ಯಾರೂ ಎದುರಾಡಲಿಲ್ಲ.

ನಾನೂ ಎದುರಾಡಲಿಲ್ಲ. "ಕೆಟ್ಟವರು ಎಲ್ಲ ಕಡೆ ಇರುತ್ತಾರೆ ಅಕ್ಕ. ಕ್ಷಮಿಸಿಬಿಡು" ಎಂದೆ. ಹೇಳುವಾಗ ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿಯೂ ಇತ್ತು. ಒಬ್ಬರನ್ನು ಕ್ಷಮಿಸು ಎನ್ನುವುದರೊಳಗೇ ಅವರು ತಪ್ಪು ಮಾಡಿದ್ದಾರೆ ಎಂಬ ತೀರ್ಪು ಇದೆಯಲ್ಲ, ಅದು ನನಗೆ ಹೊಳೆಯಲಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇಷ್ಟು ವರ್ಷ ಕಳೆದ ಮೇಲೂ!

ಆಮೇಲೆ ಮಗು ಫೋನಿಗೆ ಬಂತು. "ಫಾದರ್ ಮಾಮ, ಮಣಿ ಮೋಕ್ಷಕ್ಕೆ ಹೋಗುತ್ತಾ?" ಎಂದು ಕೇಳಿದಳು. ಪ್ರಾಣಿಗಳ ಆತ್ಮದ ಬಗ್ಗೆ ಸಂತ ಥಾಮಸ್ ಅಕ್ವಿನಾಸರು ಹೇಳಿದ್ದನ್ನು ನಾನು ಓದಿದ್ದೆ. ಹತ್ತು ವರ್ಷದ ಹುಡುಗಿಗೆ ಅದನ್ನು ಹೇಳುವ ಧೈರ್ಯವಿರಲಿಲ್ಲ. ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು, "ಅಳಬೇಡ ಪುಟ್ಟಿ, ನಿನಗೆ ಇನ್ನೊಂದು ಮರಿ ತಂದುಕೊಡುತ್ತೇನೆ. ಅದು ಸಾಯುವುದಿಲ್ಲ" ಎಂದುಬಿಟ್ಟೆ.

ಜುಲೈ ಮೊದಲ ವಾರ ಕೊಯಮತ್ತೂರಿನಲ್ಲಿ ನನಗೊಂದು ಧ್ಯಾನಕೂಟವಿತ್ತು. ಮುಗಿಸಿಕೊಂಡು ಹೊರಟವನು ಒಂದು ಅಂಗಡಿಯಲ್ಲಿ 4,000 ರೂಪಾಯಿ ಕೊಟ್ಟು ಬಿಳಿಯ ಸ್ಪಿಟ್ಜ್ ಮರಿ ಕೊಂಡೆ. ಐವತ್ತು ದಿನದ ಮರಿ, ಎರಡು ಇಂಜೆಕ್ಷನ್ ಆಗಿದೆ ಎಂದರು. ಕಾರ್ಡು ಕೇಳಿದ್ದಕ್ಕೆ ಆಮೇಲೆ ಕಳಿಸುತ್ತೇವೆ ಎಂದರು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಸೂಲೂರು ದಾರಿಯಾಗಿ ಪಲ್ಲಡಂಗೆ ಹೋಗುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿಯುತ್ತೇನೆಂದು ನಕ್ಕ. ಮಣಿ ಸತ್ತು ಆಗ ಮೂರು ವಾರವಾಗಿತ್ತು. ಅದೇ ಅಂಗಳ, ಅದೇ ಗೋಣಿತಾಟು, ಅದೇ ಅಲ್ಯುಮಿನಿಯಂ ತಟ್ಟೆ. ಅಕ್ಕ ಎಲ್ಲವನ್ನೂ ಫಿನಾಯಿಲ್ ಹಾಕಿ ತೊಳೆದಿಟ್ಟಿದ್ದಳು. ಮಗು ಮರಿಗೆ ಸ್ನೋಯಿ ಎಂದು ಹೆಸರಿಟ್ಟಳು. ಸ್ನೋಯಿ ಮೊದಲ ದಿನವೇ ಬೇವಿನ ಮರದ ಬುಡವನ್ನೆಲ್ಲ ಮೂಸಿ ನೋಡಿತು.

ಶನಿವಾರ ಬಂದ ಮರಿ ಬುಧವಾರ ವಾಂತಿ ಮಾಡಿತು. ಈ ಸಲ ಅಕ್ಕ ನನಗೆ ಫೋನ್ ಮಾಡುವ ಮೊದಲೇ ಸರ್ಕಾರಿ ಪಶು ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದಳು. ನಾನು ಗುರುವಾರ ಬೆಳಿಗ್ಗೆ ಚಾಮರಾಜನಗರದಿಂದ ಬಸ್ಸು ಹಿಡಿದೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ ನನಗೇ ಹೊಟ್ಟೆ ತೊಳಸಿತು, ಅದು ಬೇರೆ ಮಾತು. ಹೋಗಿ ನೋಡಿದರೆ ಮರಿ ಟೇಬಲ್ಲಿನ ಮೇಲೆ ಮಲಗಿದೆ, ಮುಂಗಾಲಿಗೆ ಡ್ರಿಪ್ ಹಾಕಿದ್ದಾರೆ, ಮಗು ಆ ಕಾಲನ್ನು ಅಲುಗಾಡದಂತೆ ಹಿಡಿದುಕೊಂಡಿದ್ದಾಳೆ. ನಾಯಿಯ ಭೇದಿಯ ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು. ಕೊಳೆತ ರಕ್ತದ್ದೂ ಅಲ್ಲ, ಬರೀ ಮಲದ್ದೂ ಅಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮರಿಯನ್ನು ಒಳಗೆ ತರುವ ಮೊದಲೇ, ಬಾಗಿಲಲ್ಲೇ, ವಾಸನೆಯಿಂದ ಗೊತ್ತಾಯಿತು ಎಂದರು. ಆದರೂ ಖಚಿತವಾಗಲಿ ಎಂದು ಹತ್ತಿಕಡ್ಡಿಯಲ್ಲಿ ಮಲ ತೆಗೆದು ಒಂದು ಚಿಕ್ಕ ಪ್ಲಾಸ್ಟಿಕ್ ಪಟ್ಟಿಯಲ್ಲಿ ಪರೀಕ್ಷೆ ಮಾಡಿದ್ದರು. ಎರಡು ಗೆರೆ. (ಮರುವರ್ಷ ಇಂಥವೇ ಗೆರೆಗಳನ್ನು ನೋಡಿ ನಾವೆಲ್ಲ ನಡುಗಲಿದ್ದೇವೆ ಎಂದು ಆಗ ಯಾರಿಗೆ ಗೊತ್ತಿತ್ತು!) "ಪಾರ್ವೋ" ಎಂದರು.

'ಪರ್ವುಸ್' ಎಂದರೆ ಲ್ಯಾಟಿನ್‌ನಲ್ಲಿ ಚಿಕ್ಕದು. ಸೆಮಿನರಿಯಲ್ಲಿ ಕಲಿತ ಲ್ಯಾಟಿನ್ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಈ ವೈರಾಣು ಎಷ್ಟು ಚಿಕ್ಕದೆಂದರೆ ಸುಮಾರು 40,000 ವೈರಾಣುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ತನ್ನ ಸಂತಾನವನ್ನು ತಾನೇ ಬೆಳೆಸಿಕೊಳ್ಳುವ ಸಾಮಗ್ರಿಯೂ ಅದರ ಬಳಿ ಇಲ್ಲ. ಆದ್ದರಿಂದ ದೇಹದಲ್ಲಿ ಎಲ್ಲಿ ಜೀವಕೋಶಗಳು ಬೇಗಬೇಗನೆ ಒಡೆದು ಎರಡಾಗುತ್ತಿವೆಯೋ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥದ್ದು. ಆ ಪದರ ಹುಟ್ಟುವ ಬುಡವನ್ನೇ ಇದು ನಾಶಮಾಡುತ್ತದೆ. ಹಳೆಯ ಪದರ ಉದುರುತ್ತದೆ, ಹೊಸದು ಬರುವುದಿಲ್ಲ. ನೀರು, ರಕ್ತ ಹೊರಗೆ ಸೋರುತ್ತವೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಒಳಗೆ ರಕ್ತಕ್ಕೆ ನುಗ್ಗುತ್ತವೆ. ಅವನ್ನು ತಡೆಯಬೇಕಾದ ಬಿಳಿ ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಯನ್ನೂ ಅದೇ ಹೊತ್ತಿಗೆ ಹಾಳುಮಾಡಿರುತ್ತದೆ. ಮನೆಯ ಗೋಡೆ ಬಿದ್ದ ರಾತ್ರಿಯೇ ಕಾವಲುಗಾರನೂ ಇಲ್ಲದಂತೆ. ವೈರಾಣುವನ್ನು ಕೊಲ್ಲಲು ಸುಲಭವಾಗಿ ಸಿಗುವ ಔಷಧವಿಲ್ಲ. ಡ್ರಿಪ್ ಹಾಕಿ ನೀರಿನಂಶ ಉಳಿಸಿ, ವಾಂತಿ ನಿಲ್ಲಿಸಿ, ಆಂಟಿಬಯೋಟಿಕ್ ಕೊಟ್ಟು, ಮರಿಯ ದೇಹವೇ ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಬೇಗ ತಂದು ಚೆನ್ನಾಗಿ ಆರೈಕೆ ಮಾಡಿದರೆ ಹೆಚ್ಚಿನವು ಬದುಕುತ್ತವೆ. ಏನೂ ಮಾಡದಿದ್ದರೆ ಹೆಚ್ಚಿನವು ಸಾಯುತ್ತವೆ. ಮಜ್ಜಿಗೆ ಕುಡಿಸಿ ಎಂದಿದ್ದ ನನ್ನ ಸಲಹೆ ಈ ಎರಡನೆಯ ಲೆಕ್ಕಕ್ಕೆ ಸೇರಿದ್ದು.

"ಮನೆಯಲ್ಲಿ ಈ ಮೊದಲು ಯಾವುದಾದರೂ ನಾಯಿ ಹೀಗೇ ಸತ್ತಿತ್ತೇ?" ಎಂದು ಡಾಕ್ಟರು ಕೇಳಿದರು. ಅಕ್ಕ ಮಣಿಯ ವಿಷಯ ಹೇಳಿದಳು, ಪಾಷಾಣದ ವಿಷಯವನ್ನೂ ಹೇಳಿದಳು. ವಾಂತಿ ಯಾವಾಗ, ಭೇದಿ ಯಾವಾಗ, ಜ್ವರವಿತ್ತೇ, ವಾಸನೆ ಹೇಗಿತ್ತು ಎಂದು ಒಂದೊಂದಾಗಿ ಕೇಳಿ, ಟೀ ಅಂಗಡಿಯ ಹಿಂದಿನ ಉಳಿದ ಮರಿಗಳು ಏನಾದವು ಎಂದೂ ಕೇಳಿದರು. ನಾಲ್ಕರಲ್ಲಿ ಮೂರು ಅದೇ ವಾರ ಸತ್ತಿದ್ದವು. ಅದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರೂ ಎರಡನ್ನೂ ಸೇರಿಸಿ ನೋಡಿರಲಿಲ್ಲ. ಕೆಲವು ಇಲಿ ಪಾಷಾಣಗಳಲ್ಲೂ ರಕ್ತ ಹೋಗುತ್ತದೆ, ಆದ್ದರಿಂದ ಜನ ಹೀಗೆ ತಿಳಿಯುವುದು ಸಹಜ, ಪ್ರತಿ ವರ್ಷ ಇಂಥ ಜಗಳಗಳನ್ನು ನೋಡುತ್ತೇನೆ, ಒಂದೆರಡು ಪೊಲೀಸ್ ಠಾಣೆಗೂ ಹೋಗುತ್ತವೆ ಎಂದರು. "ಅದು ವಿಷವಲ್ಲಮ್ಮ. ಅದೂ ಇದೇ."

ಅಕ್ಕ ಏನೂ ಮಾತನಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ಡಾಕ್ಟರು ಮುಂದುವರಿದು, ರೋಗ ಬಂದು ಒಂದು ತಿಂಗಳೂ ಆಗದ ಜಾಗಕ್ಕೆ ಹೊಸ ಮರಿಯನ್ನು ಯಾಕೆ ತಂದಿರಿ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದರು. ರೋಗದ ನಾಯಿಯ ಮಲದಲ್ಲಿ ಬರುವ ವೈರಾಣು ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ, ಹಾಗೇ ಉಳಿಯುತ್ತದೆ. ಚಪ್ಪಲಿಗೆ, ಸೈಕಲ್ ಚಕ್ರಕ್ಕೆ ಅಂಟಿಕೊಂಡು ಬೀದಿಯಿಂದ ಬೀದಿಗೆ ಹೋಗುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಬೆಳಗಾದರೆ ಫಿನಾಯಿಲ್ ವಾಸನೆ ಬಂದರೆ ಸಾಕು, ಮನೆ ಶುದ್ಧವಾಯಿತು ಎಂದು ನಂಬಿದ ಜನ ನಾವು. ಸೋಪಿಗೂ ಅದು ಸಾಯದು. ಕೊರೋನಾ ವೈರಾಣುವಿಗೆ ಮೇಲೊಂದು ಕೊಬ್ಬಿನ ಹೊದಿಕೆಯಿದೆ, ಸೋಪು ಅದನ್ನು ಹರಿಯುತ್ತದೆ, ಇದಕ್ಕೆ ಆ ಹೊದಿಕೆಯೇ ಇಲ್ಲ. ಕೊಳೆಯನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಒದ್ದೆಯಾಗಿ ಬಿಟ್ಟರೆ ಸಿಮೆಂಟಿನ ನೆಲ ಶುದ್ಧವಾದೀತು. ಮಣ್ಣಿನ ನೆಲವನ್ನು ಪೂರ್ತಿ ಶುದ್ಧ ಮಾಡಲು ಆಗುವುದಿಲ್ಲ. ಬಿಸಿಲಿಗೆ ಬಿಟ್ಟು ಕಾಯಬೇಕು.

ಈ ಮರಿಗೆ ರೋಗ ಅಂಗಡಿಯಲ್ಲೇ ತಗುಲಿತ್ತೇ, ಅಥವಾ ನಮ್ಮ ಅಂಗಳದಲ್ಲೇ? ವೈರಾಣು ಒಳಗೆ ಹೋದ 3ರಿಂದ 7 ದಿನಗಳಲ್ಲಿ ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳುತ್ತದೆ. ನಮ್ಮ ಮರಿ ಐದನೆಯ ದಿನ ಬಿದ್ದಿತು. ಎರಡೂ ಇರಬಹುದು ಎಂದರು ಡಾಕ್ಟರು. ಅಂಗಡಿಯವರ ಮೇಲೆ ಹೊರೆ ಹಾಕಿ ಹಗುರಾಗಬೇಕೆಂದು ನನಗೆ ಬಹಳ ಆಸೆಯಾಗಿತ್ತು. ಅದಕ್ಕೆ ಅವರು ದಾರಿ ಬಿಡಲಿಲ್ಲ.

"ತರಲು ಹೇಳಿದ್ದು ಯಾರು?" ಎಂದು ಅವರು ಕೇಳಿದಾಗ ಭಾವ ನೆಲ ನೋಡಿದರು. "ನಾನು" ಎಂದೆ.

ಭಾವನ ಸಂಕಟ ಬೇರೆಯೇ ಆಗಿತ್ತು. ಅವರ ಫಾರಂನಲ್ಲಿ ಒಂದು ಬ್ಯಾಚ್ ಕೋಳಿ ಹೋದಮೇಲೆ ಗೊಬ್ಬರ ಬಳಿದು, ತೊಳೆದು, ಸುಣ್ಣ ಹೊಡೆದು, ಶೆಡ್ಡನ್ನು ಖಾಲಿ ಬಿಡುತ್ತಾರೆ. ಹಾಗೆ ಬಿಡದೆ ಹೊಸ ಮರಿ ಇಳಿಸಿದರೆ ಗುಂಬೊರೊ ರೋಗ ಹೊಡೆಯುತ್ತದೆ ಎಂದು ಕೆಲಸದ ಹುಡುಗರಿಗೆ ಪಾಠ ಹೇಳುವವರೇ ಅವರು. ಕೋಳಿಮರಿಗೆ ಮೊದಲ ವಾರ ರಾಣಿಖೇತ್ ಲಸಿಕೆ, ಎರಡನೇ ವಾರ ಗುಂಬೊರೊ, ಆಮೇಲೆ ಇನ್ನೊಮ್ಮೆ ರಾಣಿಖೇತ್ ಎಂದು ದಿನ ಎಣಿಸಿ ಹಾಕಿಸುತ್ತಾರೆ. ನಾಯಿಮರಿಗೆ ಒಂದೇ ಸಲ ಲಸಿಕೆ ಹಾಕಿದರೆ ಯಾಕೆ ಸಾಲದು ಎಂದು ಡಾಕ್ಟರು ನನಗೆ ವಿವರಿಸಿದ್ದನ್ನು ಅವರು ಅರ್ಧದಲ್ಲೇ ಹಿಡಿದುಬಿಟ್ಟರು. ತಾಯಿಯ ಮೊದಲ ಹಾಲಿನಲ್ಲಿ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಕೆಲವು ವಾರ ಇರುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನು ಹಿಡಿಯಲು ಬಿಡುವುದಿಲ್ಲ. ಅದು ಇಳಿಯುತ್ತಾ ಬಂದು, ರೋಗ ತಡೆಯಲು ಸಾಲದು ಆದರೆ ಲಸಿಕೆಯನ್ನು ತಡೆಯಲು ಸಾಕು ಎಂಬಂಥ ಕೆಲವು ದಿನಗಳು ನಡುವೆ ಬರುತ್ತವೆ. ಆ ದಿನಗಳು ಯಾವ ಮರಿಗೆ ಯಾವಾಗ ಎಂದು ಹೊರಗಿನಿಂದ ಹೇಳಲಾಗದು. ಆದ್ದರಿಂದಲೇ 6ರಿಂದ 8 ವಾರದಲ್ಲಿ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಹಾಕಿಸಬೇಕು. "ಮೊಟ್ಟೆಯಲ್ಲಿ ತಾಯಿಯಿಂದ ಬರೋದು ಕೋಳೀಲೂ ಹಿಂಗೇ ಅಲ್ವಾ, ಅದಕ್ಕೇ ಗುಂಬೊರೊ ದಿನ ಲೆಕ್ಕ ಹಾಕೋದು" ಎಂದರು ಭಾವ. ಸ್ವಲ್ಪ ಹೊತ್ತು ಬಿಟ್ಟು, "ಎಪ್ಪತ್ತು ರೂಪಾಯಿ ಕೋಳಿಗೆ ಮಾಡ್ತೀನಿ" ಎಂದರು. ಮುಂದಕ್ಕೆ ಹೇಳಲಿಲ್ಲ.

ಸ್ನೋಯಿ ಶುಕ್ರವಾರ ಬೆಳಗಿನ ಜಾವ ಹೋಯಿತು. ಮಗು ಎಚ್ಚರವಾಗಿಯೇ ಇದ್ದಳು. ನನ್ನನ್ನು ನೋಡಿ, "ಸಾಯಲ್ಲ ಅಂದಿದ್ರಿ" ಎಂದಳು. ಅಷ್ಟೇ. ಅದಕ್ಕೆ ನಾನು ಕೊಟ್ಟ ಉತ್ತರ ಏನೆಂದು ಇಲ್ಲಿ ಬರೆಯಬಹುದಿತ್ತು, ಆದರೆ ನಾನು ಉತ್ತರ ಕೊಡಲಿಲ್ಲ.

ಬೆಳಕು ಹರಿಯುವಾಗ ಪಕ್ಕದ ಮನೆಯ ತಾತ ರಾತ್ರಿ ಪಾಳಿ ಮುಗಿಸಿ ಬಂದರು. ಬಾಗಿಲಲ್ಲಿ ಟವೆಲ್ ಮುಚ್ಚಿದ ಸಣ್ಣ ಗಂಟನ್ನು ನೋಡಿದರು. ಮೂರು ವಾರದಿಂದ ನಮ್ಮ ಮನೆಯವರಾರೂ ಅವರ ಜೊತೆ ಮಾತನಾಡಿರಲಿಲ್ಲ. ತೊಟ್ಟಿಯ ಬಳಿ ಅಕ್ಕ ಎಲ್ಲರ ಎದುರು ಪಾಷಾಣದ ಮಾತೆತ್ತಿ ಅವರಿಗೆ ಅನ್ನಬಾರದ್ದನ್ನು ಅಂದಿದ್ದಳು. ಅವರು ಒಳಗೆ ಹೋಗಿ ಗುದ್ದಲಿ ತಂದರು. ಯಾರೂ ಕರೆದಿರಲಿಲ್ಲ. ಲೈನಿನ ಹಿಂದಿನ ಖಾಲಿ ಜಾಗದಲ್ಲಿ, ಮಕ್ಕಳು ಆಡದ ಕಡೆ, ಸೊಂಟದಷ್ಟು ಆಳ ಅಗೆದರು. ನಾನು ಮಣ್ಣೆತ್ತಿ ಹಾಕಿದೆ. ಭಾವ ಸುಣ್ಣ ತಂದು ಸುರಿದರು.

ಕೈಕಾಲು ತೊಳೆದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದು, "ಸಾಮಿ, ಆ ತಾತಂಗೆ ನೀನೇ ಹೇಳ್ಬುಡು. ನನ್ ಕೈಲಿ ಆಗಲ್ಲ" ಎಂದಳು. ಹೋದೆ. ಅವರು ಜಗುಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನನ್ನ ಹರಕು ತಮಿಳಿನಲ್ಲಿ, ಮೊದಲನೆಯ ನಾಯಿಯೂ ಇದೇ ರೋಗದಿಂದ ಸತ್ತಿತೆಂದು ಡಾಕ್ಟರು ಹೇಳಿದರು, ನಮ್ಮವರು ನಿಮ್ಮನ್ನು ತಪ್ಪು ತಿಳಿದರು, ನಾನೂ ತಿಳಿದೆ, ಎಂದೆ. ಅವರು ಲೋಟ ಕೆಳಗಿಟ್ಟು, ಕುರಿಗಳನ್ನು ಕಚ್ಚಿದ್ದು ಬೇರೆ ನಾಯಿಗಳು ಸ್ವಾಮಿ, ಇದೇನು ಮಾಡಿತ್ತು, ಚಪ್ಪಲಿ ತಾನೆ, ಎಂದರು. ಆಮೇಲೆ, ಕಲ್ಲು ಎತ್ತಿದ್ದು ನಿಜ, ಎಸೆಯಲಿಲ್ಲ, ಎಂದರು. ಅಕ್ಕ ಬಾಗಿಲ ಮರೆಯಲ್ಲೇ ನಿಂತಿದ್ದವಳು ಹೊರಗೆ ಬಂದು ಅವರ ಲೋಟ ತೆಗೆದುಕೊಂಡು ಹೋಗಿ ಮತ್ತೆ ಟೀ ತುಂಬಿಸಿ ತಂದಳು. ಇಬ್ಬರೂ ಮಾತನಾಡಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ನಾನು ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೊದಲೇ ಓದಬೇಕಿತ್ತು ಎಂದು ಅಕ್ಕ ಅಂದದ್ದು ಸರಿಯೇ. ಇದು ಹಳೆಯ ರೋಗವೇನಲ್ಲ. ಹಿರಿಯರಿಗೆ 1978 ನೆನಪಿರಬಹುದು, ಧರ್ಮಸಭೆ ಒಂದೇ ವರ್ಷದಲ್ಲಿ ಮೂವರು ಪೋಪರನ್ನು ಕಂಡ ವರ್ಷ ಅದು. ಅದೇ ವರ್ಷ ಜಗತ್ತಿನ ಹಲವು ದೇಶಗಳಲ್ಲಿ ನಾಯಿಗಳು ಹಿಂದೆಂದೂ ಕಾಣದ ರಕ್ತಭೇದಿಯಿಂದ ಸಾಯತೊಡಗಿದವು. ಯಾವ ನಾಯಿಯ ರಕ್ತದಲ್ಲೂ ಇದಕ್ಕೆ ಪ್ರತಿರೋಧವಿರಲಿಲ್ಲ, ಮುದಿ ನಾಯಿಗಳೂ ಸತ್ತವು. ಬೆಕ್ಕುಗಳಿಗೆ ಬರುವ ಒಂದು ಹಳೆಯ ವೈರಾಣುವಿನ ಹತ್ತಿರದ ಸಂಬಂಧಿ ಇದು ಎಂದು ತಿಳಿದಾಗ, ಬೇರೆ ದಾರಿಯಿಲ್ಲದೆ ಬೆಕ್ಕಿನ ಲಸಿಕೆಯನ್ನೇ ನಾಯಿಗಳಿಗೆ ಹಾಕಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೀಲೆಂಡ್ ಕಾರ್ಮೈಕಲ್ ಮತ್ತು ಮ್ಯಾಕ್ಸ್ ಆಪೆಲ್ ಎಂಬ ವಿಜ್ಞಾನಿಗಳು ನಾಯಿಗೆಂದೇ ಲಸಿಕೆ ಸಿದ್ಧಪಡಿಸಿದರು. 1980ರ ದಶಕದ ಆರಂಭದಲ್ಲೇ ಮದ್ರಾಸಿನ ಪಶುವೈದ್ಯರು ನಮ್ಮ ದೇಶದಲ್ಲೂ ಈ ರೋಗವನ್ನು ಗುರುತಿಸಿದ್ದರು. ಎಂದರೆ ನಾನು ಸೆಮಿನರಿ ಸೇರುವ ಮೊದಲೇ ರೋಗವೂ ಇತ್ತು, ಲಸಿಕೆಯೂ ಇತ್ತು. ಬೀದಿನಾಯಿಗಳಿಗೆ ಮಾತ್ರ ಅದು ಸಿಗುವುದಿಲ್ಲ. ಅವುಗಳಿಗಾಗಿ ಇರುವ ಯೋಜನೆಯಲ್ಲಿ ಸಂತಾನಹರಣದ ಜೊತೆ ರೇಬಿಸ್ ಲಸಿಕೆಯಷ್ಟೇ. ಟೀ ಅಂಗಡಿಯ ಹಿಂದೆ ವರ್ಷ ವರ್ಷವೂ ಮರಿಗಳು ಹುಟ್ಟಿ ಹಾಗೇ ಸಾಯುತ್ತವೆ.

ಲೈನಿನ ತಾಯಂದಿರ ದೊಡ್ಡ ಭಯವೆಂದರೆ ಇದು ಮಕ್ಕಳಿಗೆ ಬರುತ್ತದೆಯೇ ಎಂಬುದು. ಅಕ್ಕ ಫೋನಿನಲ್ಲಿ ಡಾಕ್ಟರನ್ನೇ ಕೇಳಿ ಎಲ್ಲರಿಗೂ ಹೇಳಿದಳು. ನಾಯಿಯ ಪಾರ್ವೋ ಮನುಷ್ಯರಿಗೆ ಬರುವುದಿಲ್ಲ. ಆದರೆ ನಾಯಿಯ ಮಲದಿಂದ ಹುಳುವಿನ ರೋಗಗಳು ಬರಬಹುದು, ಹಾಗಾಗಿ ಬರಿಗಾಲಲ್ಲಿ ಆಡುವ ಮಕ್ಕಳು ಕೈಕಾಲು ತೊಳೆಯಲಿ.

ಮರುವರ್ಷ ಕೊರೋನಾ ಬಂತು. ತಿರುಪ್ಪೂರಿನ ಮಿಲ್ಲುಗಳು ಮುಚ್ಚಿ ಒಡಿಶಾದ ಹುಡುಗರು ಊರಿಗೆ ಹೋದರು. ಬೀದಿ ಬೀದಿಗೆ ಬ್ಲೀಚಿಂಗ್ ಪೌಡರ್ ಬಿದ್ದಾಗ ಅಕ್ಕ, "ನಮ್ ಅಂಗಳಕ್ಕೆ ಹೋದ್ ವರ್ಷನೇ ಹಾಕಿದ್ವಲ್ಲ" ಎಂದು ಫೋನಿನಲ್ಲಿ ನಕ್ಕಳು. ಮಗು ಮಾತ್ರ ನಾಯಿಯ ಮಾತೇ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಒಮ್ಮೆ ಮಾತು ಕೊಟ್ಟು ಕೆಟ್ಟವನು ಎರಡನೇ ಸಲ ಬಾಯಿ ಬಿಡುವುದು ಕಷ್ಟ.

ಮೂರನೆಯ ನಾಯಿಯನ್ನು ತಂದದ್ದು ನಾನಲ್ಲ, ತಾತ. 2020ರ ಕೊನೆಯಲ್ಲಿ ಕಾಂಗೇಯಂ ಕಡೆಯ ಅವರ ನೆಂಟರ ತೋಟದಲ್ಲಿ ನಾಯಿ ಮರಿ ಹಾಕಿತು. ಅದರಲ್ಲಿ ಒಂದು ಹೆಣ್ಣು ಮರಿಯನ್ನು ಮಗುವಿಗೆಂದು ಹೇಳಿಟ್ಟರು. ಆದರೆ ಡಾಕ್ಟರ ಅಪ್ಪಣೆಯಂತೆ ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿ ಆ ಅಂಗಳಕ್ಕೆ ಬರುವಂತಿರಲಿಲ್ಲ. ಹಾಗಾಗಿ ಅದು ತೋಟದಲ್ಲೇ ಬೆಳೆಯಿತು. ಮಗು ಭಾವನ ಬೈಕಿನಲ್ಲಿ ಭಾನುವಾರಗಳಂದು ಹೋಗಿ ನೋಡಿಕೊಂಡು ಬರುತ್ತಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಟ್ಟಳು. ಮೊದಲ ಲಸಿಕೆ ಜನವರಿ 2021. ಅದೇ ತಿಂಗಳು 16ರಂದು ಮನುಷ್ಯರಿಗೂ ಕೊರೋನಾ ಲಸಿಕೆ ಶುರುವಾಗಿತ್ತು. ನಾಯಿಗಳ ಲಸಿಕೆಯ ಪಟ್ಟಿಯೊಂದರಲ್ಲಿ 'ಕೊರೋನಾ' ಎಂಬ ಹೆಸರು ಕಂಡು, ಆಸ್ಪತ್ರೆಯ ಮುಂದಿದ್ದ ಆಟೋದವನು ತನಗೂ ಅದನ್ನೇ ಹಾಕಿಬಿಡಿ ಎಂದು ಹಟ ಹಿಡಿದನಂತೆ! ನಾಯಿಗಳ ಕರುಳಿಗೆ ಬರುವ ಕೊರೋನಾ 1971ರಿಂದಲೇ ಗೊತ್ತಿರುವ ಬೇರೆ ವೈರಾಣು ಎಂದು ಅವನಿಗೆ ತಿಳಿಹೇಳಲು ಭಾವನಿಗೆ ಅರ್ಧ ಗಂಟೆ ಬೇಕಾಯಿತು.

ಏಪ್ರಿಲ್‌ನಲ್ಲಿ ಕೊನೆಯ ಲಸಿಕೆ ಹಾಕಿಸಿ, ಎರಡು ವಾರ ಕಳೆದ ಮೇಲೆ, ಆ ನಾಯಿ ಲೈನ್ ಮನೆಗೆ ಬಂತು. ಆಗ ಅದು ಮರಿಯೇ ಆಗಿರಲಿಲ್ಲ, ಕಾಲು ಉದ್ದವಾಗಿ ಬೆಳೆದ ಹುಡುಗಿಯಂತಿತ್ತು. ಮಗು ಅದಕ್ಕೆ ಬಹಳ ದಿನ ಹೆಸರೇ ಇಡಲಿಲ್ಲ. ತಾತನೇ ಏನೇನೋ ಕರೆದು ಕರೆದು ಕೊನೆಗೆ ಅದು 'ಪಾಪಾ' ಎಂಬುದಕ್ಕೆ ಓಗೊಡತೊಡಗಿತು. ತಾತ ಈಗ ಧಾರಾಪುರಂನಲ್ಲಿ ಮಗನ ಮನೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬರುತ್ತಾರೆ.

ಕಳೆದ ಕ್ರಿಸ್ಮಸ್ ಮುಗಿದ ಮೇಲೆ ಅಲ್ಲಿಗೆ ಹೋಗಿದ್ದೆ. ನಮ್ಮ ಗುರುನಿವಾಸದ ಹಿಂದೆ ಒಂದು ಬೀದಿನಾಯಿ ಮರಿ ಹಾಕಿದ್ದು, ಅವುಗಳಲ್ಲಿ ಎರಡು ಭೇದಿಯಾಗಿ ಸತ್ತದ್ದನ್ನು ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದೆ. ಬಸ್ಸಿಳಿದು ಲೈನಿನ ಬಾಗಿಲಿಗೆ ಬಂದರೆ, ಈಗ ಕಾಲೇಜಿಗೆ ಹೋಗುವ ನಮ್ಮ ಹುಡುಗಿ ಒಂದು ಬಕೆಟ್ ಇಟ್ಟುಕೊಂಡು ಅಡ್ಡ ನಿಂತಿದ್ದಳು. ಎದುರು ಮನೆಯವರು ಆಗಷ್ಟೇ ಒಂದು ಸಣ್ಣ ಮರಿ ತಂದಿದ್ದರಂತೆ, ಅದಕ್ಕೆ ಇನ್ನೂ ಒಂದೇ ಲಸಿಕೆ ಆಗಿತ್ತಂತೆ. "ಫಾದರ್ ಮಾಮ, ಚಪ್ಪಲಿ ಅಲ್ಲೇ ಬಿಡಿ" ಎಂದಳು. ಬಿಟ್ಟೆ. ಎರಡನ್ನೂ ಬ್ಲೀಚ್ ನೀರಿನಲ್ಲಿ ಮುಳುಗಿಸಿ, ಗಡಿಯಾರ ನೋಡಿ, ಹತ್ತು ನಿಮಿಷ ಆಗುವವರೆಗೆ ನನ್ನನ್ನು ಬಾಗಿಲಲ್ಲೇ ಬರಿಗಾಲಲ್ಲಿ ನಿಲ್ಲಿಸಿದಳು.